ಹೊಳೆಯಾಚೆ ಅಂಗಾತ ಬಿದ್ದ ಕುರಿ

ಪರದೆಯ ಮೇಲೆ ನಾಲ್ಕು ಕಾಲುಗಳು ಆಕಾಶ ನೋಡುತ್ತಿದ್ದವು.

"ಐವರ್, ಬಾರೋ ಇಲ್ಲಿ. ಅಂಗಾತ ಬಿದ್ದಿದೆ ಒಂದು!"

ನೋಯ್ಲೀನ್ ಜಗಲಿಯ ಕುರ್ಚಿಯಲ್ಲಿ ಕೂತೇ ಡ್ರೋನನ್ನು ಕೆಳಗಿಳಿಸಿದಳು. ಸೊಂಟದ ಆಪರೇಷನ್ ಆಗಿ ಮೂರು ವಾರ. ಗುಡ್ಡದ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದು ಇನ್ವರ್‌ಕಾರ್ಗಿಲ್ ಪಟ್ಟಣದ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಐನೂರು ಗಬ್ಬದ ಕುರಿಗಳನ್ನು ಈ ಹಾರುವ ಯಂತ್ರದಿಂದಲೇ ಕಾಯುತ್ತಿದ್ದಳು.

ಗಂಡ ಚಹಾದ ಲೋಟ ಹಿಡಿದು ಬಂದು ಬಗ್ಗಿ ನೋಡಿದ. ಉಣ್ಣೆ ಒಂದು ಭಾರ, ಹೊಟ್ಟೆಯೊಳಗಿನ ಅವಳಿ ಮರಿಗಳು ಇನ್ನೊಂದು ಭಾರ. ಮಗ್ಗುಲಾಗಲಾರದೆ ಕುರಿ ಒದ್ದಾಡುತ್ತಿತ್ತು. ಕಡಲಹಕ್ಕಿಯೊಂದು ಆಗಲೇ ಅದರ ಕಣ್ಣು ಕುಕ್ಕಲು ಹೊಂಚು ಹಾಕಿ ಕೂತಿತ್ತು.

"ಹೊಟ್ಟೆ ಉಬ್ಬಿದೆ. ಅರ್ಧ ಗಂಟೆ ತಡೆದ್ರೆ ಹೆಚ್ಚು," ಎಂದ. ಹಿಮ ಕರಗಿ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ದಾಟುವ ಮಾತೇ ಇಲ್ಲ.

ನೋಯ್ಲೀನ್ ಡ್ರೋನಿನಿಂದ ನಾಯಿ ಬೊಗಳುವ ಸದ್ದು ಹೊರಡಿಸುವ ಗುಂಡಿ ಒತ್ತಿದಳು. ಹಕ್ಕಿ ಹಾರಿತು. ಕುರಿ ಕಾಲು ಝಾಡಿಸಿ ಕೊಂಚ ವಾಲಿತು, ಮತ್ತೆ ಅಂಗಾತ.

"ನೋಡಿದ್ಯಾ? ವಾಲ್ತು!"

"ಬ್ಯಾಟರಿ ನೋಡೇ ಮೊದ್ಲು. ಈಗ ವಾಪಸ್ ಕರೀದಿದ್ರೆ ಹೊಳೆ ದಾಟಲ್ಲ ಅದು. ಹೊಸದು ಬರೋಷ್ಟರಲ್ಲಿ ಎಲ್ಲಾ ಮರಿ ಹಾಕಿ ಮುಗ್ಸಿರ್ತವೆ. ಅಲ್ಲೀವರೆಗೂ ಗುಡ್ಡ ಯಾರು ನೋಡೋರು, ನನ್ನ ಈ ಮಂಡೀನಾ?"

"ನಿನ್ನ ಮಂಡಿ ಮದುವೆ ದಿನಾನೇ ಕೈ ಕೊಟ್ಟಿತ್ತು. ಸುಮ್ನಿರು ಮುದುಕ."

ಹಾಗೆಂದಳೇ ಹೊರತು ಅವಳಿಗೂ ಭಯವಿತ್ತು. ಈ ಯಂತ್ರ ಹೋದರೆ ಉಳಿದ ಕುರಿಗಳ ಪಾಡು ದೇವರಿಗೇ ಪ್ರೀತಿ. ಆದರೆ ಭಯಕ್ಕಿಂತ ಕುತೂಹಲ ಹೆಚ್ಚಾಗಿತ್ತು. ಸದ್ದು ನೆತ್ತಿಯ ಮೇಲಿನಿಂದ ಬರುವ ಬದಲು ಒಂದೇ ಪಕ್ಕದಿಂದ ಬಂದರೆ ಕುರಿ ಎತ್ತ ಹೊರಳೀತು? ನಲವತ್ತು ವರ್ಷ ಉಣ್ಣೆ ಹಿಡಿದೆಳೆದು ಕುರಿ ಎಬ್ಬಿಸಿದವಳಿಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ಡ್ರೋನನ್ನು ಹುಲ್ಲಿಗೆ ತಾಗುವಂತೆ ಇಳಿಸಿ, ಏರಿನ ಕಡೆಯಿಂದ ಕುರಿಯ ಪಕ್ಕಕ್ಕೆ ತಂದಳು. ಬೊಗಳಿಸಿದಳು. ಗೊರಸೊಂದು ಪರದೆಯ ತುಂಬ ಬಂತು. ಆಮೇಲೆ ಎಲ್ಲ ಕಪ್ಪು.

ಐವರ್ ಲೋಟ ಕೆಳಗಿಟ್ಟ. ಒಳಗೆ ಹೋಗಿ ದುರ್ಬೀನು ತಂದು ಅವಳ ಕೈಗಿತ್ತ.

"ಕುರಿ ಬಿದ್ದಿದ್ದ ಕಡೆ, ಬೇಲಿ ಮೂರನೇ ಕಂಬದ ಎಡಕ್ಕೊಂದು ಬಿಳಿ ಚುಕ್ಕೆ," ಎಂದಳು.

"ಕಲ್ಲಿರಬೇಕು."

"ಇರಬಹುದು. ದುರ್ಬೀನು ಒಂದ್ಕಡೆ ನಿಲ್ತಿಲ್ಲ ಕಣೋ."

ಅವನು ಮಂಡಿ ಹಿಡಿದುಕೊಂಡು ನರಳುತ್ತಾ ಅವಳ ಮುಂದೆ ಮೆಟ್ಟಿಲ ಮೇಲೆ ಕೂತ. ಅವಳು ದುರ್ಬೀನನ್ನು ಅವನ ಭುಜದ ಮೇಲಿಟ್ಟು ನೋಡತೊಡಗಿದಳು. ಭುಜ ಅಲುಗಬಾರದೆಂದು ಅವನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದ. ಲೋಟದಲ್ಲಿ ಚಹಾ ಆರಿತು.

ಬಹಳ ಹೊತ್ತಿನ ಮೇಲೆ ಚುಕ್ಕೆ ಕಂಬವನ್ನು ದಾಟಿ ಬಲಕ್ಕೆ ಬಂತು.