ಟುಟಾಯಿಯ ಬೈಕಿಗೆ ಹೊಸ ಬ್ಯಾಟರಿ

ನಮ್ಮ ಅಟಿಯು ದ್ವೀಪದಲ್ಲಿ ಬೈಕು ಕೆಟ್ಟರೆ ಜನ ನನ್ನ ಹತ್ತಿರ ಬರುತ್ತಾರೆ, ಮನಸ್ಸು ಕೆಟ್ಟರೆ ನನ್ನ ಭಾವ ಎಟೇನಿಯವರ ಹತ್ತಿರ ಹೋಗುತ್ತಾರೆ. ಭಾವ ಚರ್ಚಿನ ಹಿರಿಯರು. ಅಕ್ಕ ಅಕಾಯಿತಿ ಮಾತ್ರ ಎರಡಕ್ಕೂ ನನ್ನ ಹತ್ತಿರವೇ ಬಂದಳು.

"ತಮ್ಮಾ, ಟುಟಾಯಿ ಬೈಕು ರೆಡಿ ಮಾಡ್ಕೊಡು. ಗೋರಿ ಕಲ್ಲಿನ ಹೊದಿಕೆ ತೆಗೆಯೋ ದಿನ ಅದರ ಸದ್ದು ಒಂದ್ಸಲ ಕೇಳ್ಬೇಕು."

ಟುಟಾಯಿ ಅಕ್ಕ-ಭಾವನ ಒಬ್ಬನೇ ಮಗ. ಸಮುದ್ರದಲ್ಲಿ ತೀರಿಕೊಂಡು ಎರಡು ವರ್ಷ. ಗೋರಿ ಮನೆಯ ಮುಂದೆಯೇ ಇದೆ. ಹೊಸ ಕಲ್ಲು ನಿಲ್ಲಿಸಿದ್ದರು; ನೆಂಟರೆಲ್ಲ ಸೇರಿ ಪ್ರಾರ್ಥನೆ ಮಾಡಿ ಅದರ ಹೊದಿಕೆ ತೆಗೆಯುವುದು ನಮ್ಮ ಪದ್ಧತಿ. ಅದಕ್ಕೆ ಹೊದಿಸಲು ಅಕ್ಕ ಎರಡು ವರ್ಷ ಕೂತು ಹೂವಿನ ಹೊದಿಕೆ ಹೊಲಿದಿದ್ದಳು.

"ಅವತ್ತು ಕೈಕೊಟ್ಟಿದ್ದು ಇದೇ ಬೈಕಲ್ವಾ ಅಕ್ಕಾ?"

"ಇದೇ ಮುಂಡೇದು. ಎರಡು ವರ್ಷದಿಂದ ಹೋಗ್ತಾ ಬರ್ತಾ ಒದ್ದಿದೀನಿ ಇದನ್ನ. ಆದ್ರೂ ಸಂಜೆ ಆದ್ರೆ ಕಿವಿ ರಸ್ತೆ ತಿರುವಿನ ಕಡೆಗೇ ಹೋಗುತ್ತೆ. ಆ ಸದ್ದು ಕೇಳ್ಸಿದ್ಮೇಲೇ ನಾನು ಟಾರೋ ಗೆಡ್ಡೆ ಒಲೆ ಮೇಲೆ ಇಡ್ತಿದ್ದಿದ್ದು."

ಆ ಭಾನುವಾರ ಬೆಳಗ್ಗೆ ಬೈಕು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಹುಡುಗ ಬಲೆ ಹೊತ್ತು ಬಂದರಿಗೆ ನಡೆದೇ ಹೋದ. ತಡವಾಗಿ ತಲುಪುವಷ್ಟರಲ್ಲಿ ಉಬ್ಬರ ಮುಗಿದು ನೀರು ಇಳಿದಿತ್ತು. ದೋಣಿಯನ್ನು ಅಲೆ ಹವಳದ ಬಂಡೆಗೆ ಬಡಿಯಿತು. ಯಾರೂ ಕೆಲಸ ಮಾಡಬಾರದ ದೇವರ ದಿನ, ಭಾನುವಾರ, ಮೀನಿಗೆ ಹೋದದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಊರಿನವರು. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಬೈಕಿಗೆ ಒದೆಯುವ ಕಿಕ್ಕರ್ ಇಲ್ಲ, ಗುಂಡಿ ಒತ್ತಬೇಕು. ಅಂದ ಮೇಲೆ ಬ್ಯಾಟರಿ ಬೇಕೇ ಬೇಕು. ಹೆಂಡತಿಯ ಹೊಲಿಗೆ ಟೇಪು ತಂದು ಬ್ಯಾಟರಿ ಕೂರುವ ಜಾಗದ ಉದ್ದ, ಅಗಲ, ಎತ್ತರ ಅಳೆದೆ. ಪ್ಲಸ್ ಯಾವ ಕಡೆಗೆಂದು ಬರೆದುಕೊಂಡೆ. ಎಡಬಲ ಅದಲುಬದಲಾದರೆ ವೈರು ಮುಟ್ಟುವುದಿಲ್ಲ. ಆಮೇಲೆ ಹಳೆಯದನ್ನು ಎತ್ತಲು ಕೈ ಹಾಕಿದವನು ಹಾಗೇ ನಿಂತೆ. ಮೈನಸ್ ವೈರಿನ ಬೋಲ್ಟು ಬಿಚ್ಚಿತ್ತು; ಆ ವೈರಿಲ್ಲದೆ ಗುಂಡಿ ಒತ್ತಿದರೂ ಬೈಕು ಶುರುವಾಗುವುದಿಲ್ಲ. ವೈರಿನ ತುದಿಗೆ ಬಿಳಿ ಬಟ್ಟೆಯ ಚೂರು ಸುತ್ತಿ ಗಂಟು ಹಾಕಿತ್ತು. ಟುಟಾಯಿ ಅಂಥ ಅಚ್ಚುಕಟ್ಟಿನವನಲ್ಲ. ಅವನು ಚಪ್ಪಲಿಯನ್ನೂ ಜೊತೆಗೆ ಬಿಟ್ಟವನಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಭಾವ. ನಾನು ಬಟ್ಟೆ ಚೂರನ್ನು ಜೇಬಿಗೆ ತುರುಕಿದೆ. ಏನೂ ಕೇಳಲಿಲ್ಲ. ಕೇಳಬೇಕಿತ್ತು.

ದೊಡ್ಡ ದ್ವೀಪ ರಾರೊಟೊಂಗಾದ ಅಂಗಡಿಗೆ ಫೋನ್ ಮಾಡಿದೆ. "ಸೀಲ್ ಮಾಡಿರೋದು ತಗೊಳ್ಳಿ, ಹಾಕಿ ಓಡ್ಸೋದಷ್ಟೇ," ಎಂದ ಅಂಗಡಿಯವನು.

"ನಿನ್ನ ಕಪಾಟಲ್ಲಿ ಎಷ್ಟು ತಿಂಗಳಿಂದ ನಿದ್ದೆ ಹೊಡೀತಿದೆಯೋ ಅದು. ಒಣ ಬ್ಯಾಟರಿ ಕಳ್ಸು ಮಾರಾಯ, ಆಸಿಡ್ ಬೇರೆ ಕಟ್ಟು."

ಒಣ ಬ್ಯಾಟರಿಗೆ ಆಸಿಡ್ ಹೊಯ್ದ ಗಳಿಗೆಯಿಂದ ಆಯಸ್ಸು ಶುರು. ಮೊದಲ ಚಾರ್ಜು ಪೂರ್ತಿ ಕೊಡಬೇಕು, ನಡುವೆ ಬಿಡಬಾರದು.

ಆಸಿಡ್ಡನ್ನು ವಿಮಾನ ಹತ್ತಿಸುವುದಿಲ್ಲ. ಹಡಗು ಬರಬೇಕು. ಹಡಗು ನಮ್ಮ ಊರಿಗೆ ಯಾವತ್ತು ಹೇಳಿದ ದಿನ ಬಂದಿದೆ? ಸೋಮವಾರ ಹೊದಿಕೆ ತೆಗೆಯುವುದು, ಹಡಗು ಬಂದದ್ದು ಶನಿವಾರ ಮಧ್ಯಾಹ್ನ.

ಅಕ್ಕನ ಮನೆಯ ಶೆಡ್ಡಿನಲ್ಲೇ ಕೂತೆ. ಮುಚ್ಚಳಗಳನ್ನು ಬಿಚ್ಚಿ, ಗಾಳಿ ಹೋಗುವ ಮೂತಿಯ ಕೆಂಪು ಟೋಪಿ ಕಿತ್ತು, ಒಂದೊಂದು ಕೋಣೆಗೂ ಮೇಲಿನ ಗೆರೆಯವರೆಗೆ ಆಸಿಡ್ ಹೊಯ್ದೆ. ಗುಳ್ಳೆಗಳು ಎದ್ದವು, ಬ್ಯಾಟರಿ ಬೆಚ್ಚಗಾಯಿತು. ಮಟ್ಟ ಇಳಿಯಿತು, ಇನ್ನಷ್ಟು ಹೊಯ್ದೆ. ಸಂಜೆಗೆ ಚಾರ್ಜಿಗೆ ಹಾಕಿದೆ.

"ಎಷ್ಟು ಹೊತ್ತು ಬೇಕು?" ಎಂದರು ಭಾವ.

"ನನ್ನ ಚಾರ್ಜರ್ರೂ ನಿಮ್ಮ ಹಾಗೇ ಹಳೇ ಕಾಲದ್ದು. ನಾಳೆ ಸಂಜೆ ಆಗುತ್ತೆ."

"ನಾಳೆ ಭಾನುವಾರ."

"ಕೆಲಸ ಮಾಡೋದು ಕರೆಂಟು ಭಾವ, ನೀವಲ್ಲ."

"ನನ್ನ ಮನೆ ಕರೆಂಟು."

"ದೇವರೇನು ಭಾನುವಾರ ಅಂತ ಸಮುದ್ರ ನಿಲ್ಲಿಸ್ತಾನಾ?" ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕ ನಡುವೆ ಬಂದಳು. "ರೀ, ಇದೊಂದ್ಸಲ ಸುಮ್ನಿರಿ. ನನಗೋಸ್ಕರ. ಇನ್ನೇನೂ ಕೇಳಲ್ಲ ನಿಮ್ಮನ್ನ."

ಭಾವ ತಲೆ ಆಡಿಸಿದರು. ಒಪ್ಪಿದರು ಅಂತಲೇ ನಾವಿಬ್ಬರೂ ತಿಳಿದೆವು.

ಭಾನುವಾರ ನಾನೂ ಶೆಡ್ಡಿನ ಕಡೆ ಹೋಗಲಿಲ್ಲ. ಎಷ್ಟು ಬಾಯಿ ಬಡಿದುಕೊಂಡರೂ ನಾನೂ ಈ ಊರಿನವನೇ. ಸೋಮವಾರ ಬೆಳಗ್ಗೆ ಹೋದರೆ ಪ್ಲಗ್ಗು ಗೋಡೆಯಲ್ಲಿರಲಿಲ್ಲ. ವೈರನ್ನು ಸುರುಳಿ ಸುತ್ತಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿತ್ತು. ಅದೇ ಗಂಟು.

ಹೊರಗೆ ವಿಮಾನದಲ್ಲಿ ಬಂದ ನೆಂಟರು ಹೂಮಾಲೆ ಹಾಕಿಕೊಂಡು ಕಾದಿದ್ದರು. ಇದ್ದಷ್ಟೇ ಚಾರ್ಜಿನಲ್ಲಿ ಬ್ಯಾಟರಿ ಕೂರಿಸಿ ಬೈಕನ್ನು ಅಂಗಳಕ್ಕೆ ತಳ್ಳಿದೆ. ಅಕ್ಕ ಗೋರಿಯ ಪಕ್ಕ ಕಣ್ಣು ಮುಚ್ಚಿ ನಿಂತಳು. ಗುಂಡಿ ಒತ್ತಿದೆ. ಎಂಜಿನ್ ತಿರುಗಿತು, ಕೆಮ್ಮಿತು. ಮತ್ತೆ ಒತ್ತಿದೆ, ನಿಧಾನವಾಯಿತು. ಎರಡು ವರ್ಷ ನಿಂತ ಎಂಜಿನ್. ಇನ್ನು ನಾಲ್ಕು ಸುತ್ತು ತಿರುಗಿದ್ದರೆ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಬರೀ ಟಕ್ ಟಕ್.

"ಎರಡೇ ನಿಮಿಷ ಅಕ್ಕಾ! ಯಾರಾದ್ರೂ ಟ್ರಕ್ ತನ್ನಿ, ಅದರಿಂದ ಕರೆಂಟು ಕೊಡ್ತೀನಿ!" ಎಂದು ಕೂಗಿದೆ.

ಅಕ್ಕ ಕಣ್ಣು ಬಿಟ್ಟಿದ್ದಳು. "ಚಾರ್ಜ್ ಆಗ್ಲಿಲ್ವಾ? ಯಾರು ತೆಗೆದ್ರು?"

ಭಾವನೇ ಹೇಳಿದರು. "ನಾನೇ. ಭಾನುವಾರ ಆಗೋಕೆ ಮುಂಚೆ ತೆಗೆದೆ." ನೆಲ ನೋಡುತ್ತಾ, "ಅವತ್ತೂ ನಾನೇ ಅಕಾಯಿತಿ. ಹೋಗದೇ ಇರ್ಲಿ ಅಂತ ವೈರು ಬಿಚ್ಚಿಟ್ಟೆ. ನಡ್ಕೊಂಡಾದ್ರೂ ಹೋಗ್ತಾನೆ ಅಂತ ಗೊತ್ತಿರ್ಲಿಲ್ಲ," ಎಂದರು.

ಟ್ರಕ್ಕು ಬಂತು. ನಾನು ಹುಚ್ಚನ ಹಾಗೆ ವೈರು ಜೋಡಿಸತೊಡಗಿದೆ. ಅಕ್ಕ ಬಂದು ನನ್ನ ಕೈ ಹಿಡಿದಳು.

"ಬೇಡ ತಮ್ಮಾ. ಇನ್ನು ಕೇಳೋಕೆ ನನ್ನ ಕೈಲಾಗಲ್ಲ."

ಸೀಟಿನ ಮೇಲಿನ ಧೂಳನ್ನು ತನ್ನ ಬಿಳಿ ಉಡುಪಿನ ತೋಳಿನಿಂದಲೇ ಒರೆಸಿದಳು. "ಪಾಪ, ಸುಮ್ಸುಮ್ನೆ ಒದ್ದೆ ಇದನ್ನ," ಎಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಲ್ಲಿನ ಹೊದಿಕೆಯನ್ನು ತೆಗೆಯುವವರೇ ಇರಲಿಲ್ಲ. ಪ್ರಾರ್ಥನೆ ಹೇಳಬೇಕಾದವರು ಭಾವ. ಅವರು ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು.

ಜೇಬಿನಲ್ಲಿ ಆ ಬಟ್ಟೆ ಚೂರು ಇಟ್ಟುಕೊಂಡು ನಾನೂ ಸುಮ್ಮನಿದ್ದೆನಲ್ಲ, ನನಗೂ ಪಾಲಿದೆ. ಬ್ಯಾಟರಿ ಈಗ ನನ್ನ ಶೆಡ್ಡಿನಲ್ಲಿದೆ. ಪೂರ್ತಿ ಚಾರ್ಜ್ ಮಾಡಿಟ್ಟಿದ್ದೇನೆ. ಯಾರೂ ಕೇಳಿಕೊಂಡು ಬಂದಿಲ್ಲ.