ಬ್ರೇಕಿಗೆ ಬಿದ್ದ ಹರಳೆಣ್ಣೆ

"ಇಷ್ಟ್ ಎಣ್ಣಿ ಎಲ್ಲಿಂದ ಬಂತಪಾ ಇಲ್ಲಿ?"

ಕೇಳಿದ್ದು ಲಿಫ್ಟ್ ರಿಪೇರಿಯ ಸಿದ್ದಾರೂಢ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಕತ್ರಿಗುಪ್ಪೆಯ ಐದಂತಸ್ತಿನ ಅಪಾರ್ಟ್‌ಮೆಂಟು, ಅದರ ತಾರಸಿಯ ಮೇಲೆ ಗೂಡಿನಂಥ ಕೋಣೆ, ಕೋಣೆಯೊಳಗೆ ಲಿಫ್ಟಿನ ಮೋಟಾರು. ಮೋಟಾರಿನ ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಬಾಡಿದ ಸೇವಂತಿಗೆ. ಪಕ್ಕದಲ್ಲೇ ಬ್ರೇಕು, ಎಣ್ಣೆಸ್ನಾನಕ್ಕೆ ಕೂರಿಸಿದ ಹಸುಗೂಸಿನ ಹಾಗೆ ಅಡಿಯಿಂದ ಮುಡಿತನಕ ಮಿಂದು ಮಿರಮಿರ ಮಿಂಚುತ್ತಿತ್ತು. ಬೆರಳಿಟ್ಟು ಮೂಸಿದ. ಹರಳೆಣ್ಣೆ.

ಬೆಳಿಗ್ಗೆ ಎರಡನೇ ಮಹಡಿಯಲ್ಲಿ ನಿಲ್ಲಬೇಕಾದ ಲಿಫ್ಟು ಒಂದು ಮೊಳ ಕೆಳಗೆ ಜಾರಿ ನಿಂತಿತ್ತು. ಕಂಪನಿಯಿಂದ ಫೋನು ಬಂದಾಗ ಅವನು ಬಿಟಿಎಮ್ಮಿನ ರೂಮಿನಲ್ಲಿ ಅವಲಕ್ಕಿ ಕಲಸುತ್ತಿದ್ದ. ಕಲಸಿದ್ದು ಕಲಸಿದ ಹಾಗೇ ಬಿಟ್ಟು ಬಂದಿದ್ದ. ಈ ಕಡೆಯ ನಲವತ್ತೊಂದು ಲಿಫ್ಟುಗಳ ಯೋಗಕ್ಷೇಮ ಅವನದೇ.

ಅಷ್ಟರಲ್ಲಿ ವಾಚ್‌ಮನ್ ಮುನಿಯಣ್ಣ ಏದುಸಿರು ಬಿಡುತ್ತ ಮೇಲೆ ಬಂದ. "ಏನ್ ಸಿದ್ದಣ್ಣ, ನಮ್ ಲಿಫ್ಟು ಹುಡ್ಗಿ ಹೆಂಗವ್ಳೆ?"

"ಮುನಿಯಣ್ಣಾರ, ಬ್ರೇಕಿಗೆ ಎಣ್ಣಿ ಹಾಕಿದವ್ರು ಯಾರ್ರಿ?"

"ನಾನೇ! ಆಯುಧಪೂಜೆ ದಿನ. ಹೋದ ತಿಂಗ್ಳು ಲಿಫ್ಟು ಓಡೋ ಹಳಿಗೆ ಎಣ್ಣೆ ಸವರ್ತಾ ನೀವೇ ಹೇಳ್ಲಿಲ್ವಾ, ಎಣ್ಣೆ ಕುಡ್ದ ಯಂತ್ರ ನೂರು ವರ್ಷ ಬಾಳ್ತದೆ ಅಂತ? ಕಾಲು ಲೀಟ್ರು ಹುಯ್ದೆ. ನನ್ ತಲೆಗೂ ಅಷ್ಟು ಹಾಕ್ಕಂಡಿಲ್ಲ."

ಸಿದ್ದಾರೂಢ ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹೇಳಿದ್ದು ನಿಜವೇ. ಹಳಿಗೆ ಅಮೃತವಾದದ್ದು ಬ್ರೇಕಿಗೆ ವಿಷ ಎಂಬ ಇನ್ನರ್ಧ ಮಾತು ಮಾತ್ರ ಅವತ್ತು ನಾಲಗೆಗೆ ಬಂದಿರಲಿಲ್ಲ.

"ಬ್ರೇಕು ಅಂದ್ರ ಲಿಫ್ಟ್ ಹಿಡಿಯೋ ಕೈ ರೀ. ಎಣ್ಣಿಗೈಲೆ ತುಂಬಿದ ಕೊಡ ಹಿಡೀರಿ ನೋಡೋಣು."

ಮುನಿಯಣ್ಣನ ಮುಖ ಇಳಿಯಿತು. "ಒರೆಸಿದ್ರೆ ಹೋಗಲ್ವಾ?"

"ಒಳಗ ಒತ್ತಿ ಹಿಡಿಯೋ ಪಟ್ಟಿ, ಲೈನರು, ಎಣ್ಣಿ ಕುಡದೈತಿ. ಹೊಸಾದು ನಾಳೆ ಮುಂಜಾನೆ ಬರ್ತೈತಿ. ಅಲ್ಲೀತನಕ ಇದು ಅಲ್ಲಾಡಬಾರದು."

"ನನ್ ಕೆಲ್ಸ ಹೋಯ್ತು ಬಿಡಿ."

ಸಿದ್ದಾರೂಢ ಮೊಬೈಲಿನಲ್ಲಿ ಕಂಪನಿಗೆ ರಿಪೋರ್ಟು ಬರೆದು ಓದಿ ಹೇಳಿದ: "ಬ್ರೇಕಿಗೆ ಎಣ್ಣೆ ತಾಗಿದೆ. ಎಲ್ಲಿ ಹಾಕಬಾರದು ಎಂಬುದನ್ನು ನಾನು ತಿಳಿಸಿರಲಿಲ್ಲ."

"ಅಯ್ಯೋ, ನಿಮ್ ತಲೆ ಮೇಲೇ ಹಾಕ್ಕಂಡ್ರಲ್ಲ!"

"ಅರ್ಧ ನಂದ ಐತಲ್ರಿ."

ಕರೆಂಟು ತೆಗೆದು ಕೋಣೆಗೆ ಬೀಗ ಹಾಕಿದ. ಬೀಗದ ಕೈ ಸೆಕ್ರೆಟರಿ ಸೇತುರಾಮರ ಮನೆಗೆ ಹೋಗುವುದು ವಾಡಿಕೆ. ಆದರೆ ಹೋದ ವರ್ಷ ಬೇರೊಂದು ಕಡೆ, ಇವನು ನಿಲ್ಲಿಸಿ ಬಂದ ಲಿಫ್ಟನ್ನು ಅವಸರದವರು ಸೆಕ್ರೆಟರಿಯ ಮನೆಯಿಂದ ಕೀ ತಂದು ಓಡಿಸಿ, ಒಬ್ಬಾಕೆಯ ಕಾಲು ಮುರಿದಿತ್ತು. ಇವತ್ತು ಬೀಗದ ಕೈಯನ್ನು ಮುನಿಯಣ್ಣನ ಅಂಗೈಯಲ್ಲಿಟ್ಟ. "ನಾಳೆ ನಾ ಬರೋತನಕ ಯಾರಿಗೂ ಕೊಡಬ್ಯಾಡ್ರಿ."

ಇಬ್ಬರೂ ಕೆಳಗಿಳಿದಾಗ ಗೇಟಿನ ಹತ್ತಿರ ಸೇತುರಾಮರು ಕಾಯುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರು, ಕೇಳಿ ಇಲ್ಲ ಅನ್ನಿಸಿಕೊಂಡು ಅಭ್ಯಾಸವಿಲ್ಲ.

"ರಿಪೇರಿ ನಾಳೇನಾ? ಇವತ್ತು ನಾಲ್ಕು ಗಂಟೆಗೆ ನಮ್ಮತ್ತೆ ಸೀತಮ್ಮನ್ನ ಜಯನಗರದ ಕಣ್ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ಬೇಕು. ಎಂಬತ್ತಾರು ವರ್ಷ. ಐದು ಮಹಡಿ ಇಳೀತಾರೇನ್ರಿ?"

"ನಾಲ್ಕಕ್ಕ ನಾನೂ ಬರ್ತೀನಿ ಸಾರ್. ಕುರ್ಚಿ ಮ್ಯಾಲೆ ಕುಂದ್ರಿಸಿ ಇಳಸೋಣು."

"ಅವರೇನು ಉತ್ಸವಮೂರ್ತಿನಾ, ಹೊತ್ಕೊಂಡ್ ಮೆರವಣಿಗೆ ಹೋಗೋಕೆ? ಒಂದ್ಸಲ ಇಳಿಸಿ, ಆಮೇಲೆ ಬೇಕಾದ್ರೆ ಒಂದು ವಾರ ನಿಲ್ಸಿ."

"ಆ ಒಂದ ಸಲಾನ ಜಾರಿದ್ರ ಸಾರ್?"

ಸೇತುರಾಮರು ವಾಚು ನೋಡಿಕೊಂಡರು. ಸಿದ್ದಾರೂಢನ ಜೇಬಿನಲ್ಲಿ ಫೋನು ಕೂಗಿತು: ವಸಂತಪುರದಲ್ಲಿ ಇನ್ನೊಂದು ಲಿಫ್ಟು ನಿಂತಿದೆ, ಒಳಗೆ ಜನ ಇದ್ದಾರೆ. ಹೋಗದೆ ವಿಧಿಯಿಲ್ಲ. ಸಿದ್ದಾರೂಢ ಹೆಲ್ಮೆಟ್ ಹಾಕಿಕೊಂಡು ಬೈಕಿನ ಕಡೆ ತಿರುಗಿದ. ಬೆನ್ನ ಹಿಂದೆ ಸೇತುರಾಮರ ದನಿ, ಈಗ ತಣ್ಣಗೆ:

"ಮುನಿಯಣ್ಣ, ಬೀಗದ ಕೈ ನಮ್ಮನೆಗೆ ಬಂದಿಲ್ಲ, ನಿನ್ನ ಹತ್ರಾನೇ ಇರ್ಬೇಕು. ತಾ ಇಲ್ಲಿ. ಹತ್ತೊಂಬತ್ತು ವರ್ಷದಿಂದ ಈ ಕಟ್ಟಡದ ಅನ್ನ ತಿಂದಿದ್ದೀಯ, ನೆನಪಿರಲಿ."

ಸಿದ್ದಾರೂಢ ಬೈಕು ಶುರು ಮಾಡಲಿಲ್ಲ. ತಿರುಗಿಯೂ ನೋಡಲಿಲ್ಲ.

"ಅದ್ಕೇ ಸಾರ್," ಅಂದ ಮುನಿಯಣ್ಣ. "ಅಮ್ಮೋರನ್ನ ಬೆನ್ ಮೇಲೆ ಕೂರಿಸ್ಕಂಡು ನಾನೊಬ್ನೇ ಇಳಿಸ್ತೀನಿ. ಕೀ ಕೊಡಲ್ಲ."