ಹಳ್ಳದೊಳಗೆ ನಡೆದ ಮತದಾನ

ಬೆಳಿಗ್ಗೆ ಎಂಟೂಕಾಲಿಗೆ ಕಮಲಾಪುರದ ಬಸ್ಸು ಹಳ್ಳದ ನಡುವೆ ನಿಂತಿತು.

೧೯೫೨ರ ಜುಲೈ ತಿಂಗಳು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಎದುರಿನಿಂದ ಹೊರಟ ಬಸ್ಸು ತಾಜಸುಲ್ತಾನಪುರ ದಾಟುವವರೆಗೂ ತಕರಾರಿಲ್ಲದೆ ಓಡಿತ್ತು. ಆಮೇಲೆ ಬಂದ ಹಳ್ಳದಲ್ಲಿ ರಾತ್ರಿಯ ಮಳೆನೀರು ಮೊಣಕಾಲುದ್ದ ಹರಿಯುತ್ತಿತ್ತು. ನೀರೇನೋ ದಾರಿ ಬಿಟ್ಟಿತು, ಕೆಸರು ಬಿಡಲಿಲ್ಲ. ಹಿಂದಿನ ಗಾಲಿಗಳು ಎಮ್ಮೆ ಮಲಗಿದಂತೆ ಕೂತುಬಿಟ್ಟವು.

ಡ್ರೈವರನ ಹಿಂದಿನ ಬೆಂಚಿನಲ್ಲಿದ್ದ ಮಾಣಿಕಪ್ಪ ಕಿಟಕಿಯಿಂದ ಬಗ್ಗಿ ಗಾಲಿ ನೋಡಿದ. ಅವನು ಆ ಬಸ್ಸನ್ನು ನಡೆಸುವ ಕೆಲಸಗಾರರ ಸಂಘದ ಅಧ್ಯಕ್ಷ. ಹತ್ತು ಗಂಟೆಗೆ ಕಮಲಾಪುರದ ನಾಕಾದಲ್ಲಿ ಪರ್ಮಿಟ್ ಸಾಹೇಬರು ಗಡಿಯಾರ ನೋಡುತ್ತ ನಿಲ್ಲುವವರಿದ್ದರು. ಬಸ್ಸು ಹೊತ್ತಿಗೆ ಮುಟ್ಟಿದರೆ ತಾತ್ಕಾಲಿಕ ಪರ್ಮಿಟ್ಟು ಕಾಯಂ. ಮುಟ್ಟದಿದ್ದರೆ ಈ ದಾರಿ ಬೇರೆಯವರ ಪಾಲು, ಸಂಘ ಅಲ್ಲಿಗೆ ಮುಗಿಯಿತು.

ಮೊದಲು ಈ ಬಸ್ಸು ಒಬ್ಬ ಶೇಠ್‌ಜಿಯದಾಗಿತ್ತು. ಅವರ ಕೊರಳಲ್ಲಿ ಒಂದು ಹಿತ್ತಾಳೆಯ ಸೀಟಿ ತೂಗುತ್ತಿತ್ತು. ಒಮ್ಮೆ ಊದಿದರೆ ಹೊರಡಬೇಕು, ಎರಡು ಸಲ ಊದಿದರೆ ನಿಲ್ಲಬೇಕು. ಮೂರು ಸಲ ಊದಿದರೆ ಯಾರಿಗೋ ಬೈಗುಳ ಕಾದಿದೆ ಎಂದರ್ಥ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ಶೇಠ್‌ಜಿಗೆ ಈ ಊರಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮೊದಲ ಚುನಾವಣೆ ಮುಗಿದ ಕೆಲವು ದಿನಕ್ಕೆ ಬಸ್ಸನ್ನು ಏಳು ಜನ ಕೆಲಸಗಾರರಿಗೇ ಒಪ್ಪಿಸಿ ಹೈದರಾಬಾದಿಗೆ ಹೊರಟುಹೋದರು.

ಆಗ ಊರಿಗೆ ಊರೇ ಮತದಾನದ ಅಮಲಿನಲ್ಲಿತ್ತು. ಟಿಕೆಟ್ ಗುಮಾಸ್ತನಾಗಿದ್ದ ಮಾಣಿಕಪ್ಪ ಅಧ್ಯಕ್ಷನಾದ ದಿನವೇ ಹೇಳಿದ: ಇನ್ನು ಇಲ್ಲಿ ಯಾರೂ ಯಾರಿಗೂ ಹುಕುಂ ಮಾಡುವಂತಿಲ್ಲ, ಎಲ್ಲವೂ ಕೈ ಎತ್ತಿಯೇ ತೀರ್ಮಾನ. ಚಹಾಕ್ಕೆ ಬೆಲ್ಲವೋ ಸಕ್ಕರೆಯೋ ಎಂಬುದಕ್ಕೂ ಕೈ ಎತ್ತಿದರು. ಬಸ್ಸಿಗೆ ಯಾವ ಬಣ್ಣವೆಂಬ ಪ್ರಶ್ನೆಗೆ ಕೆಂಪಿಗೆ ಮೂರು, ಹಸಿರಿಗೆ ಮೂರು ಮತ ಬಿದ್ದವು. ಏಳನೆಯ ಮತ ಅಧ್ಯಕ್ಷನದು. ಮಾಣಿಕಪ್ಪನಿಗೆ ಯಾರ ಮನಸ್ಸನ್ನೂ ನೋಯಿಸಲಾಗಲಿಲ್ಲ. ಹೀಗಾಗಿ ಬಸ್ಸಿನ ಒಂದು ಮಗ್ಗುಲು ಕೆಂಪಾಯಿತು, ಇನ್ನೊಂದು ಹಸಿರಾಯಿತು. ದಾರಿಬದಿಯ ಹೊಲದವರಿಗೆ ಹೋಗುವಾಗ ಒಂದು ಬಸ್ಸು, ಬರುವಾಗ ಇನ್ನೊಂದು.

ಶೇಠ್‌ಜಿ ಬಿಟ್ಟುಹೋದ ಸೀಟಿಯನ್ನು ಬಾವಿಗೆ ಎಸೆಯಬೇಕೆಂದು ಅವಿರೋಧವಾಗಿ ತೀರ್ಮಾನವಾಗಿತ್ತು. ಎಸೆಯುವ ಕೆಲಸ ಅಧ್ಯಕ್ಷನಿಗೆ ಬಿತ್ತು. ಮಾಣಿಕಪ್ಪ ಬಾವಿಗೆ ಒಂದು ಕಲ್ಲು ಎಸೆದು, ಸೀಟಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡಿದ್ದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಡ್ರೈವರ್ ಇಮಾಮುದ್ದೀನ್ ಇಂಜಿನ್ ಆರಿಸಿ ಹಿಂದಕ್ಕೆ ತಿರುಗಿದ. “ಅಧ್ಯಕ್ಷರೇ, ಮೀಟಿಂಗ್ ಕರೀರಿ.”

“ಚಾಚಾ, ಹಳ್ಳದಾಗ ಏನ್ ಮೀಟಿಂಗ್? ಮ್ಯಾಲ ಎಬ್ಬಸೋ ದಾರಿ ನೋಡು.”

“ಹುಕುಂ ಕೊಡ್ಲಾಕತ್ತೀರೇನು?”

“ಇಲ್ಲ ಇಲ್ಲ, ಸಲಹೆ ಕೊಟ್ಟೆ.”

“ಸಲಹೆ ಅಂದ್ರ ಕೈ ಎತ್ತಬೇಕಾಗ್ತದ,” ಎಂದು ಇಮಾಮುದ್ದೀನ್ ಗಂಭೀರವಾಗಿ ಬೀಡಿ ಹಚ್ಚಿದ. ಇಪ್ಪತ್ತು ವರ್ಷ ಶೇಠ್‌ಜಿಯ ಸೀಟಿಯಂತೆ ಗೇರು ಹಾಕಿದ ಮನುಷ್ಯ ಈಗ ನಿಯಮವನ್ನು ಒಂದು ಗೆರೆಯೂ ಮೀರುತ್ತಿರಲಿಲ್ಲ. ಅದರಲ್ಲಿ ಅವನಿಗೆ ಸಿಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಕಂಡಕ್ಟರ್ ಮಾಪಣ್ಣ ಸಂಘದ ಕಾರ್ಯದರ್ಶಿಯೂ ಹೌದು. ಬೆಂಚು ಹತ್ತಿ ನಿಂತು, ಪ್ರಯಾಣಿಕರನ್ನೂ ಸೇರಿಸಿಯೇ ಮತ ಕೇಳಿದ. ಎಲ್ಲರೂ ಇಳಿದು ಮುಂದಕ್ಕೆ ದೂಡುವುದೆಂದು ಠರಾವಾಯಿತು. “ಹೆಣ್ಮಕ್ಕಳು ಕೂತಿರ್ರಿ,” ಎಂದು ಕೊನೆಗೆ ತಾನೇ ಒಂದು ಮಾತು ಸೇರಿಸಿದ.

ಹಿಂದಿನ ಬೆಂಚಿನಿಂದ ಭಾಗಮ್ಮ ಎದ್ದಳು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹಿಂದಿನ ದಿನ ಪೇಟೆಯಲ್ಲಿ ಮಾರಿ, ಖಾಲಿ ಬುಟ್ಟಿಗಳೊಂದಿಗೆ ಊರಿಗೆ ಮರಳುತ್ತಿದ್ದ ಹೆಂಗಸು. “ವೋಟ್ ಹಾಕುವಾಗ ನಾನೂ ಸಾಲಿನಾಗ ನಿಂತೀನಿ, ತಮ್ಮಾ. ದೂಡುವಾಗ ಯಾಕ ಕೂಡ್ಲಿ? ನಿನ್ನ ರಟ್ಟಿಗಿಂತ ನನ್ನ ರಟ್ಟಿ ದಪ್ಪ ಅದ, ಅಳೀತೀಯೇನು?”

ಮಾಪಣ್ಣ ಅಳೆಯಲು ಹೋಗಲಿಲ್ಲ. ಅವಳು ಸೆರಗು ಬಿಗಿದು ಇಳಿದಳು. ಅವಳ ಹಿಂದೆ ಎಲ್ಲ ಹೆಂಗಸರೂ ಇಳಿದರು.

ದೂಡಿದರು. ಐಸಾ ಎಂದು ಒಂದು ಕಡೆಯವರು, ಹರಹರ ಎಂದು ಇನ್ನೊಂದು ಕಡೆಯವರು. ಬಸ್ಸು ಕೆಸರಿನಿಂದ ಕಿತ್ತುಕೊಂಡು ದಂಡೆಯ ಏರನ್ನು ಅರ್ಧ ಹತ್ತಿತು. ಇನ್ನು ನಾಲ್ಕು ಮಾರು ಉಳಿದಿತ್ತು. ಮಾಪಣ್ಣನಿಗೆ ಏದುಸಿರು ಬಂತು. ಬಸ್ಸಿಗೆ ಹೆಗಲು ಕೊಟ್ಟುಕೊಂಡೇ, ಪದ್ಧತಿಯಂತೆ, ಅವನು ಕೇಳಿದ:

“ಒಂದ್ ಗಳಿಗಿ ದಮ್ ತಗೊಳ್ಳೋಣು ಅನ್ನೋರು ಕೈ ಎತ್ರಿ.”

ಎಲ್ಲರಿಗೂ ದಮ್ಮು ಬೇಕಿತ್ತು. ಎಲ್ಲರೂ ಕೈ ಎತ್ತಿದರು.

ಮಾಣಿಕಪ್ಪನೂ ಎತ್ತಿದ. ಒಂದು ಕ್ಷಣ ಬಸ್ಸು ನಂಬಲಾರದಂತೆ ನಿಂತೇ ಇತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಳಿತು. ಜನ ಎಡಕ್ಕೂ ಬಲಕ್ಕೂ ಹಾರಿದರು. ಮುಂದಿನ ಗಾಜಿನೊಳಗೆ ಇಮಾಮುದ್ದೀನ್ ಕಾಣಿಸಿದ, ಹ್ಯಾಂಡ್‌ಬ್ರೇಕಿನ ಮೇಲಿರಬೇಕಾದ ಕೈಯನ್ನು ಮೇಲೆತ್ತಿಕೊಂಡು. ಬಸ್ಸು ನೀರಿಗೆ ಬಿದ್ದ ರಭಸಕ್ಕೆ ಹಳ್ಳ ಎದ್ದು ಎಲ್ಲರ ತಲೆಯ ಮೇಲೆ ಬಂತು. ಭಾಗಮ್ಮನ ಬುಟ್ಟಿಗಳು ಬಾಗಿಲಿನಿಂದ ಒಂದೊಂದಾಗಿ ಹೊರಬಿದ್ದು ತೇಲಿಹೋದವು.

“ಸರ್ವಾನುಮತ,” ಎಂದ ಇಮಾಮುದ್ದೀನ್.

ಮೊದಲು ನಕ್ಕವಳು ಭಾಗಮ್ಮ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಮಾಪಣ್ಣ ನಕ್ಕು ನಕ್ಕು ನೀರಿನಲ್ಲೇ ಕುಳಿತುಬಿಟ್ಟ. ಮಾಣಿಕಪ್ಪನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗುತ್ತಲೇ ಗಡಿಯಾರ ನೋಡಿದ. ಒಂಬತ್ತಾಗಲು ಹತ್ತು ನಿಮಿಷವಿತ್ತು.

ಕೈ ತಾನಾಗಿಯೇ ಒಳಜೇಬಿಗೆ ಹೋಯಿತು. ಸೀಟಿ ಊದಿದರೆ ತಾನು ಇನ್ನೊಬ್ಬ ಶೇಠ್‌ಜಿ ಆಗುತ್ತೇನೆ. ಊದದಿದ್ದರೆ ಈ ಸಂಘ ಹಳ್ಳದಲ್ಲೇ ತೀರಿಹೋಗುತ್ತದೆ. ಇಷ್ಟರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಭಾಗಮ್ಮ. ಅವಳು ಆಗಲೇ ನಾಲ್ಕು ಜನರನ್ನು ಬೈದು ಗಾಲಿಯ ಕೆಳಗೆ ಕಲ್ಲು ಇಡಿಸುತ್ತಿದ್ದಳು. ಅವರು ಬೈಸಿಕೊಳ್ಳುತ್ತಲೇ ಕಲ್ಲು ಇಡುತ್ತಿದ್ದರು.

“ಇನ್ನೊಂದೇ ಮತ,” ಎಂದು ಮಾಣಿಕಪ್ಪ ಕೂಗಿದ. “ದಂಡಿ ಮುಟ್ಟೋತನಕ ಒಬ್ಬರ ಮಾತೇ ಕೇಳಬೇಕು. ನಡಕ ಯಾರೂ ಏನೂ ಕೇಳಂಗಿಲ್ಲ. ನಾ ಭಾಗಕ್ಕನ ಹೆಸರು ಹೇಳ್ತೀನಿ.” ಎಲ್ಲರಿಗಿಂತ ಮೊದಲು ತಾನೇ ಕೈ ಎತ್ತಿದ. ಈ ಸಲ ಬಸ್ಸಿಗೆ ಯಾರ ಹೆಗಲೂ ಇರಲಿಲ್ಲವಾದ್ದರಿಂದ ಎಲ್ಲ ಕೈಗಳೂ ನಿರಾತಂಕವಾಗಿ ಮೇಲೇರಿದವು.

ಅವನು ಸೀಟಿ ತೆಗೆದು ಅವಳ ಕೈಗಿಟ್ಟ.

ಮಾಪಣ್ಣ ಬಾಯಿ ತೆರೆದ. “ಅದು ಬಾವ್ಯಾಗ ಬಿದ್ದಿತ್ತಲ್ಲೋ?”

“ಬಾವಿಯ ಮಾತು ಕಮಲಾಪುರದಾಗ,” ಎಂದಳು ಭಾಗಮ್ಮ. “ಈಗ ಹೆಗಲು ಹಚ್ಚು. ಈ ಸರ್ತಿ ಯಾರರ ಕೈ ಎತ್ತಿದ್ರ ಆ ಕೈ ನಂದು. ಇಮಾಮ್ ಮಾಮಾ, ನಿಂಗೂ ಹೇಳೀನಿ. ಮಾಣಿಕಪ್ಪಾ, ಅಧ್ಯಕ್ಷ ಅಂತ ಅಲ್ಲೇ ನಿಂದರಬ್ಯಾಡ, ಕೆಸರಿನ ಕಡಿ ಬಾ.”

ಮಾಣಿಕಪ್ಪ ಕೆಸರಿನ ಕಡೆಗೆ ಹೋದ. ಸೀಟಿ ಕೂಗಿತು. ಇಂಜಿನ್ ಕೆಮ್ಮಿತು, ಗುಡುಗಿತು. ಒಂದೇ ದಮ್ಮಿಗೆ ಬಸ್ಸು ಏರು ಹತ್ತಿ, ಸಮ ನೆಲಕ್ಕೆ ಬಂದು, ಒದ್ದೆ ನಾಯಿಯಂತೆ ಮೈ ಕೊಡವಿತು. ಕೆಸರಿನಿಂದ ಮೂತಿ ಮಾತ್ರ ಕಾಣುತ್ತಿದ್ದ ಮಾಣಿಕಪ್ಪನನ್ನು ಇಬ್ಬರು ಎತ್ತಿ ಒಳಗೆ ಹಾಕಿದರು. ಅಲ್ಲಿಂದ ಮುಂದೆ ಭಾಗಮ್ಮ ಡ್ರೈವರನ ಪಕ್ಕದಲ್ಲಿ ಕುಳಿತು, ಕುರಿ ಕಂಡರೊಮ್ಮೆ, ಕುರಿ ಕಾಣದಿದ್ದರೊಮ್ಮೆ ಸೀಟಿ ಊದಿದಳು. ಇಮಾಮುದ್ದೀನ್ ಪ್ರತಿ ಸೀಟಿಗೂ “ಜೀ ಹುಜೂರ್” ಅಂದ. ಬಸ್ಸಿನ ತುಂಬ ಒದ್ದೆ ಬಟ್ಟೆಯ ವಾಸನೆ ಮತ್ತು ನಗು.

ನಾಕಾದಲ್ಲಿ ಬಸ್ಸು ನಿಂತಾಗ ಒಂಬತ್ತು ಐವತ್ತೇಳು. ಪರ್ಮಿಟ್ ಸಾಹೇಬರು ಕೆಂಪು ಮಗ್ಗುಲನ್ನು ನೋಡಿದರು, ಸುತ್ತು ಹಾಕಿ ಹಸಿರು ಮಗ್ಗುಲನ್ನು ನೋಡಿದರು. ಇಳಿಯುತ್ತಿದ್ದ ಕೆಸರಿನ ಜನರನ್ನೂ ನೋಡಿದರು.

“ಇದಕ್ಕೆ ಜವಾಬ್ದಾರರು ಯಾರು?”

ಎಲ್ಲರೂ ಭಾಗಮ್ಮನ ಕಡೆ ತಿರುಗಿದರು. ಅವಳು ಸೀಟಿಯನ್ನು ಸೆರಗಿನಿಂದ ಒರೆಸಿ ಮಾಣಿಕಪ್ಪನಿಗೆ ಚಾಚಿದಳು. “ದಂಡಿ ಮುಟ್ಟೋತನಕ ನಾನಿದ್ದೆ ಸಾಹೇಬ್ರ. ದಂಡಿ ದಾಟಿ ಬಾಳ ಹೊತ್ತಾತು, ಕೊಡಾದು ಮರ್ತಿದ್ದೆ. ಈಗ ಈತ.”

“ಹೌದ್ರಿ, ನಾನು,” ಎಂದ ಮಾಣಿಕಪ್ಪ. ಯಾರ ಮುಖವನ್ನೂ ನೋಡದೆ, ಯಾರ ಕೈಯನ್ನೂ ಕೇಳದೆ ಅವನು ಹೇಳಿದ ಮೊದಲ ಮಾತು ಅದು.

ಸಾಹೇಬರು ಗಡಿಯಾರವನ್ನು ಜೇಬಿಗೆ ಇಳಿಸಿ, ಪರ್ಮಿಟ್ಟಿಗೆ ರುಜು ಹಾಕಲು ಒಣಗಿದ ಜಾಗ ಹುಡುಕಿದರು.

ಮುಂದಿನ ವಾರ ಸಂಘದ ಸಭೆ ಎರಡು ಠರಾವು ಮಾಡಿತು. ಗಾಲಿ ತಿರುಗುತ್ತಿರುವಾಗ ಮತ ಕೇಳುವಂತಿಲ್ಲ ಎಂಬುದು ಮೊದಲನೆಯದು, ಅದು ಸರ್ವಾನುಮತದಿಂದ ಪಾಸಾಯಿತು. ಭಾಗಮ್ಮನಿಗೆ ಹೊಸ ಬುಟ್ಟಿಗಳನ್ನು ಕೊಡಿಸಬೇಕೆಂಬುದು ಎರಡನೆಯದು. ಅದಕ್ಕೆ ಮಾಪಣ್ಣ ಒಬ್ಬನೇ ಕೈ ಎತ್ತಲಿಲ್ಲ; “ಆ ಕೈ ನಂದು” ಎಂದು ಭಾಗಮ್ಮ ಹೇಳಿದ್ದನ್ನು ಅವನಿನ್ನೂ ಮರೆತಿರಲಿಲ್ಲ.